ಪೆನ್ಸಿಲಿನ ತಾರೀಖು

ಒಸ್ಟ್ರಾವಾದ ಈ ಏಳನೆಯ ಮಹಡಿಯಲ್ಲಿ
ನಮಗೊಂದು ಬಚ್ಚಲುಮನೆ ಇದೆ, ಹೆಸರಿಗೆ.
ಸ್ನಾನದ ತೊಟ್ಟಿಯ ತುಂಬ ಚಹಾ ಬಣ್ಣದ ನೀರು,
ಜೌಗುನೆಲದ ಕಪ್ಪುಮಣ್ಣು ನೆನೆಹಾಕಿದ್ದು.
ನಾನು ತಲೆಗೆ ನೀರು ಹಾಕಿಕೊಳ್ಳುವುದು ಭಾನುವಾರ,
ತಂಗಿಯ ಮನೆಯಲ್ಲಿ.

ಇಪ್ಪತ್ತಾರು ವರ್ಷ ಕಲ್ಲಿದ್ದಲ ಗಣಿಯಲ್ಲಿದ್ದವನು ಲುಬೋರ್.
ಗಣಿ ಮುಚ್ಚಿದ ವರ್ಷ ಎಲ್ಲರೂ ಬಿಸಿಲಿಗೆ ಬಂದರು,
ಕೆಲವರು ಬಿಯರಿಗೆ.
ಇವನು ಮಾತ್ರ ಸಣ್ಣ ಕೋಣೆಯ ಕಿಟಕಿಗೆ ಟಾರು ಕಾಗದ ಹೊಡೆದು
ಮತ್ತೆ ಕತ್ತಲೆಗೆ ಇಳಿದ.
ನಿಯಾನ್ ಮೀನಿನ ಮೊಟ್ಟೆಗೆ ಬೆಳಕು ಆಗುವುದಿಲ್ಲವಂತೆ,
ಕಂಡರೆ ಬಿಳಿಚಿಕೊಂಡು ಸಾಯುತ್ತವಂತೆ.
"ನನ್ನ ಹಾಗೆ," ಅಂದ. ನಗಲಿಲ್ಲ.

ಸಂಜೆ ಒಂದು ಗಂಡು ಒಂದು ಹೆಣ್ಣು ಬಿಡುವುದು,
ತಳಕ್ಕೆ ಬಲೆ ಹಾಸುವುದು.
ಬೆಳಗಿನ ಜಾವ ಮೈಗೆ ಮೈ ತಾಗಿಸಿ, ನಡುಗಿ,
ಸಾಸಿವೆಗಿಂತ ಸಣ್ಣ ಕಾಳು ಉದುರಿಸುತ್ತವೆ.
ಬಲೆ ಯಾಕೆಂದರೆ
ಹೆತ್ತವೇ ತಿರುಗಿ ನಿಂತು ತಿನ್ನುತ್ತವೆ,
ತಿಂಡಿಗೆ ಕೂತವರ ಹಾಗೆ, ಸಂಕೋಚವಿಲ್ಲದೆ.

ಮಾರ್ಚ್ ಒಂದರ ಬೆಳಿಗ್ಗೆ ಅವನ ಶ್ವಾಸಕೋಶ ಮುಷ್ಕರ ಹೂಡಿತು.
ಸ್ಟ್ರೆಚರಿನಲ್ಲಿ ಮಲಗಿ, ಮೂಗಿನ ಮುಖವಾಡ ಸರಿಸಿ
ನನಗೆ ಹೇಳಿದ್ದು ಇಷ್ಟೇ:
"ಮೂರನೆಯ ತೊಟ್ಟಿ. ಈಗಷ್ಟೇ ಇಟ್ಟಿವೆ. ದೀಪ ಹಾಕಬೇಡ."
ಮೂವತ್ತೆಂಟು ವರ್ಷದ ಸಂಸಾರ.
ಮೂರನೆಯ ತೊಟ್ಟಿ.

ದೀಪ ಹಾಕಿದೆ.
ಬೇಕೆಂದಲ್ಲ. ಅವನ ಉಣ್ಣೆಯ ಕಾಲುಚೀಲ ಹುಡುಕುತ್ತಿದ್ದೆ,
ಕೈ ತಾನಾಗಿ ಗೋಡೆಗೆ ಹೋಯಿತು.
ಕಾಲುಚೀಲ ಸಿಗಲಿಲ್ಲ.
ಬಹಳ ಹೊತ್ತು ಬೆಳಕಿನಲ್ಲೇ ಹುಡುಕಿದೆ.
ಮರುದಿನ ನೋಡಿದರೆ ಒಂದೊಂದು ಕಾಳೂ
ಹತ್ತಿ ಹೊದ್ದು ಮಲಗಿತ್ತು.

ಫೋನಿನಲ್ಲಿ ಕೇಳಿದ, "ಒಡೆದವಾ?"
"ಒಡೆದವು."
"ಎಷ್ಟು?"
"ನಲವತ್ತು." ಬಾಯಿಗೆ ಬಂದ ಲೆಕ್ಕ.
ಆ ಕಡೆ ಒಂದು ಉಸಿರು
ಪೂರ್ತಿ ಒಳಗೆ ಹೋದದ್ದು ಕೇಳಿಸಿತು.
ಗಾಜಿನ ಮೇಲಿನ ಅಂಟುಪಟ್ಟಿಗೆ
ಪೆನ್ಸಿಲಿನಲ್ಲಿ ಬರೆದೆ: ಮಾರ್ಚ್ ೨.

ಸಾಕಿದ ಸುಳ್ಳಿಗೂ ದಿನಾ ಊಟ ಹಾಕಬೇಕು.
ಈಜುತ್ತಿವೆಯಾ? ಈಜುತ್ತಿವೆ.
ಹೊಟ್ಟೆ ದುಂಡಗಿದೆಯಾ? ದುಂಡಗಿದೆ.
ಖಾಲಿ ತೊಟ್ಟಿಯ ಮುಂದೆ ಕೂತು ಅವನ ನೋಟುಬುಕ್ಕು ಓದಿದೆ,
ಇದ್ದಲಿನ ಬೆರಳಚ್ಚು ಒತ್ತಿದ ಹಾಳೆಗಳು,
ಮದುವೆಗೆ ಮುಂಚೆ ಬರೆದ ಕಾಗದಗಳಿಗಿಂತ ಉದ್ದ.
ನಾಲ್ಕನೆಯ ಮಹಡಿಯ ಕ್ವೆಟೊಸ್ಲಾವನ ಬಾಗಿಲು ಬಡಿದೆ.
ಮುದುಕ ಪೈಜಾಮದಲ್ಲೇ ಬಂದು ನೀರು ನಾಲಿಗೆಗೆ ಹಚ್ಚಿ ನೋಡಿದ,
"ಇನ್ನೂ ಗಡಸು," ಅಂದ, ಹೋದ.

ಮೊದಲ ಸಲ ಗಂಡು ಮೂಲೆ ಬಿಟ್ಟು ಬರಲಿಲ್ಲ.
ಎರಡನೆಯ ಸಲ ಬಲೆ ಹಾಸುವುದು ಮರೆತೆ,
ತಿಂಡಿ ಮುಗಿದಿತ್ತು.
ಮೂರನೆಯ ಸಲ
ಅವನ ಗಣಿದೀಪಕ್ಕೆ ಚಾಕಲೇಟಿನ ಕೆಂಪು ಕಾಗದ ಸುತ್ತಿ
ಮಂಡಿಯೂರಿದೆ.
ಗಾಜಿಗೆ ರೆಪ್ಪೆಗೂದಲು ಅಂಟಿದೆ ಅಂದುಕೊಂಡೆ.
ರೆಪ್ಪೆಗೂದಲು ಪಕ್ಕಕ್ಕೆ ಜಿಗಿಯಿತು.
ಎರಡು ಚುಕ್ಕೆ ಕಣ್ಣು, ಉಳಿದದ್ದೆಲ್ಲ ಗಾಜು.
ಐವತ್ತೊಂದರವರೆಗೆ ಎಣಿಸಿ ತಪ್ಪಿದೆ,
ಮತ್ತೆ ಒಂದರಿಂದ.

ಟರ್ನಿಪ್ ಕೊಳೆಹಾಕಿದ ಜಾಡಿಯಿಂದ ಹನಿ ಹನಿ ಊಟ,
ರಾತ್ರಿ ಎರಡಕ್ಕೆ, ಐದಕ್ಕೆ.
ನಾಲ್ಕು ದಿನಕ್ಕೆ ನನ್ನ ಕೈಗೂ ಅವನ ಕೈಯ ವಾಸನೆ.

ಏಪ್ರಿಲ್ ಐದರಂದು ಬಂದ,
ಗಾಲಿಯ ಸಿಲಿಂಡರು ಹಿಂದೆ ನಾಯಿಯ ಹಾಗೆ.
ಕೋಟು ಬಿಚ್ಚಲಿಲ್ಲ. ನೇರ ಕೋಣೆಗೆ.
ಕೆಂಪು ದೀಪ ಹಿಡಿದು ನೋಡಿದ,
ಪಟ್ಟಿ ನೋಡಿದ,
ಮತ್ತೆ ಮರಿಗಳನ್ನು ನೋಡಿದ.
ತಿಂಗಳು ತುಂಬಿದ ಮರಿಯ ಪಕ್ಕೆಗೆ
ನೀಲಿ ಗೆರೆ ಬಂದಿರಬೇಕು.
ಅದು ನನಗೆ ಆಗ ಗೊತ್ತಿರಲಿಲ್ಲ.
ನಾನು ಗೋಡೆಯ ಸ್ವಿಚ್ಚಿಗೆ ಬೆನ್ನು ಒತ್ತಿ ನಿಂತಿದ್ದೆ.

ಕಿವಿಯ ಮೇಲಿನ ಪೆನ್ಸಿಲು ತೆಗೆದು
ಎರಡರ ಪಕ್ಕ ಒಂದು ಸೊನ್ನೆ ಬರೆದ.
ಸ್ವಲ್ಪ ಹೊತ್ತು ಸಿಲಿಂಡರು ಮಾತ್ರ ಉಸಿರಾಡಿತು.

ಆಮೇಲೆ, ತಿರುಗದೆ,
"ಯಾವ ಗಂಡು ಬಿಟ್ಟೆ?"

"ಬಾಲ ಹರಿದದ್ದು."

"ಹ್ಞೂಂ," ಅಂದ,
"ನಾನೂ ಅದನ್ನೇ ಬಿಡುತ್ತಿದ್ದೆ."