ಒಂಬತ್ತು ಸೂಜಿ

ಶಿಡ್ಲಘಟ್ಟದ ಗೌಸ್ ಪೀರ್ ಅವರ ನೂಲು ಬಿಚ್ಚುವ ಶೆಡ್ಡಿನಲ್ಲಿ
ಲೆಕ್ಕದ ಕೋಣೆಯೆಂದರೆ ಬಾಯ್ಲರಿನ ಬೆನ್ನಿಗೆ ಆರಡಿ ಜಾಗ.
ಅಲ್ಲಿ ನಾನು, ಬೆಂದ ಹುಳದ ವಾಸನೆ,
ಮದುವೆ ವಯಸ್ಸಿಗೆ ಬಂದ ಕಂಪ್ಯೂಟರು,
ಪ್ಲಾಸ್ಟಿಕ್ ಹೊದ್ದು ಮಲಗಿದ ಪ್ರಿಂಟರು.

ಬಸ್ ಸ್ಟ್ಯಾಂಡ್ ಅಂಗಡಿಯ ಹುಡುಗ ಮುಟ್ಟಿಯೂ ನೋಡಲಿಲ್ಲ.
"ಗುಜರಿಗೆ ಹಾಕ್ರಕ್ಕಾ, ಕೆಜಿ ಲೆಕ್ಕ."

ಕೆಜಿ ಲೆಕ್ಕ ನನಗೆ ಹೇಳುತ್ತಾನೆ.
ಗೂಡು ಐನೂರು ದಾಟಿದ ದಿನ
ಇನ್ನೂರಕ್ಕೆ ಬಿದ್ದು ರೈತರು ರಸ್ತೆಗೆ ಸುರಿದ ದಿನ
ಎರಡನ್ನೂ ಒಂದೇ ಸದ್ದಿನಲ್ಲಿ ಬಡಿದು ಬರೆದದ್ದು ಇದೇ ಯಂತ್ರ.

ಪಾಲಿಟೆಕ್ನಿಕ್ಕಿನ ಅಟೆಂಡರ್ ವೆಂಕಟರವಣಪ್ಪ ಕೊಟ್ಟ ಸಿ.ಡಿ.,
ಮೇಲೆ ಮಾರ್ಕರಿನಲ್ಲಿ ಸೊಟ್ಟಗೆ: ಲಿನಕ್ಸ್.
ಎಷ್ಟು ಕೊಡಲಿ ಅಂದೆ.
"ರೇಟಿಲ್ಲಮ್ಮ ಇದಕ್ಕೆ. ಕೇಳಿದವರಿಗೆ ಕಾಪಿ ಮಾಡಿಕೊಡಿ."
ರೇಟಿಲ್ಲದ ಮಾಲನ್ನು ನಂಬಿ ನನಗೆ ಅಭ್ಯಾಸವಿಲ್ಲ.
ಆದರೂ ತಂದೆ.

ಕಪ್ಪು ಪರದೆ. ಬಿಳಿ ಅಕ್ಷರ, ಸಾಲಿನ ಮೇಲೆ ಸಾಲು.
ಹೊಸ ಮೇಷ್ಟರು ಹಳೇ ಹಾಜರಿ ಪುಸ್ತಕ ಹಿಡಿದ ಹಾಗೆ
ಒಬ್ಬೊಬ್ಬರನ್ನೇ ಕೂಗುತ್ತಿತ್ತು:
ಕೀಬೋರ್ಡ್, ಇದೆ.
ಮೌಸ್, ಇದೆ.
ಗಡಿಯಾರ, ಇದೆ. ಒಳಗಿನ ಸೆಲ್ಲು ಸತ್ತು
ಎರಡು ಸಾವಿರದ ಎರಡನೇ ಇಸವಿಯ ಮೊದಲ ದಿನದಲ್ಲೇ ನಿಂತಿದೆ. ಇರಲಿ.
ಪ್ರಿಂಟರು?

ಪ್ರಿಂಟರು?

ಈಚಿನವು ವೈರು ತಾಗುವ ಮುಂಚೆ
ಊರು, ಕಂಪನಿ, ನಂಬರು ಗಡಗಡ ಒಪ್ಪಿಸುತ್ತವಂತೆ.
ಇದಕ್ಕೆ ಆ ಬುದ್ಧಿ ಕಲಿಸಿದವರಿಲ್ಲ.
ಫೋನಿನಲ್ಲಿ ವೆಂಕಟರವಣಪ್ಪ:
"ಅದು ಹೇಳಲ್ಲ ಮುನಿರತ್ನಮ್ಮ, ಹಳೇ ಕಾಲದ್ದು.
ಅದರ ಪರವಾಗಿ ನೀವೇ ಹೇಳಬೇಕು."

ಹೇಳಿದೆ. ಮೊದಲ ಸಲ ಕಾಗುಣಿತ ತಪ್ಪು.
ಎರಡನೇ ಸಲ ಕರೆಂಟು ಹೋಯಿತು.

ಅಷ್ಟರಲ್ಲಿ ಶಂಷಾದ್‌ಬೀ ಬಂದು ಬಾಗಿಲಿಗೆ ಒರಗಿದಳು.
ರೇಷನ್ ಅಂಗಡಿಯಿಂದ ಮೂರನೇ ದಿನವೂ ಬರಿಗೈ.
ಇಪ್ಪತ್ತಾರು ವರ್ಷ ಕುದಿನೀರಿನಲ್ಲಿ ಎಳೆ ಹುಡುಕಿದ ಬೆರಳು,
ಗೆರೆಯೆಲ್ಲ ನೀರಿಗೆ ಹೋಗಿ
ಹುಣಸೆಬೀಜದಷ್ಟು ನುಣುಪು.
ಅಂಗಡಿಯ ಪುಟ್ಟ ಯಂತ್ರ ಹೆಬ್ಬೆಟ್ಟು ನೋಡುತ್ತದೆ, ಕೆಂಪಗಾಗುತ್ತದೆ.
ಅಂಗಡಿಯವನಿಗೆ ಅವಳ ಮದುವೆಯೂ ಗೊತ್ತು, ಮಗಳ ಮದುವೆಯೂ ಗೊತ್ತು,
ಅವನೇನು ಮಾಡುತ್ತಾನೆ, ಕೆಂಪು ಅಂದರೆ ಕೆಂಪು.
"ನಾಳೆ ಬಾ ಬೂಬಮ್ಮ."

ಪರದೆ ನೋಡಿ ಕೇಳಿದಳು: "ಕ್ಯಾ ಬೋಲ್ರಾ ಜೀ?"
ಹೆಸರು ಕೇಳುತ್ತಿದೆ ಅಂದೆ.
"ತೋ ಬೋಲೋನಾ," ಅಂದಳು, ಇದೇನು ದೊಡ್ಡ ವಿಷಯ ಎಂಬಂತೆ.

ಮೂರನೇ ಸಲ ಒಂದು ಸಾಲು ಬಂತು.
ಸಿಕ್ಕಿತೆಂದು. ಇನ್ನು ಮುಂದೆ
ಆಗಾಗ ಕೇಳಿ ನೋಡುತ್ತಿರುತ್ತೇನೆಂದು:
ತಯಾರಾ? ತಯಾರಾ? ತಯಾರಾ?

ತಲೆ ಬಲಕ್ಕೆ ಜರುಗಿತು, ಎಡಕ್ಕೆ ಜರುಗಿತು,
ನಾಲ್ಕನೇ ಜ್ವರ ಕಳೆದ ಹುಳ ಸೊಪ್ಪಿಗೆ ಬಿದ್ದ ಹಾಗೆ ಸದ್ದು.
ಏನು ಹೊಡೆಯಲಿ ಅಂತ ತೋಚದೆ ಅವಳ ಹೆಸರನ್ನೇ ಹೊಡೆದಿದ್ದೆ.
ಹಾಳೆ ಹೊರಬಂತು.
ಖಾಲಿ.
ರಿಬ್ಬನ್ನು ಒಣಗಿ ಎಷ್ಟು ವರ್ಷವಾಯಿತೋ.

ಅವಳು ಹಾಳೆಯನ್ನು ಎತ್ತಿಕೊಂಡಳು, ತಿರುವಿದಳು,
ಸೂಜಿ ಚುಚ್ಚಿ ಉಬ್ಬಿದ ಕಡೆ ಹೆಬ್ಬೆರಳು ಆಡಿಸಿದಳು.
ಎಳೆಯ ತುದಿ ಸಿಗುವ ತನಕ ನೀರಿನಲ್ಲಿ ತಡಕುವಂತೆ.
ಓದು ಬಾರದವಳು.
"ಹೈ," ಅಂದಳು. "ಕುಛ್ ಹೈ."

ರಿಬ್ಬನ್ನಿಗೆ ಚಿಂತಾಮಣಿಗೆ ಹೇಳಿ ಕಳಿಸಿದ್ದೇನೆ.
ಗಡಿಯಾರ ಮಾತ್ರ ಸ್ವಿಚ್ಚು ಒತ್ತಿದಾಗೆಲ್ಲ
ಎರಡು ಸಾವಿರದ ಎರಡರಿಂದಲೇ ಶುರು.
ಆಗ ಅವಳ ಬೆರಳಿನಲ್ಲಿ ಇನ್ನೂ ಒಂದೆರಡು ಗೆರೆ ಇದ್ದವು.