ಏಳನೆಯ ಗುಂಡು

ಮನೆ ಸುಟ್ಟಿದ್ದಕ್ಕೇ ಇವು ಉಳಿದವು:
ಮಗ್ಗಕ್ಕೆ ತೂಗುಬಿಟ್ಟ ಹಸಿಮಣ್ಣಿನ ಗುಂಡುಗಳು,
ಬೆಂದು, ಬಿದ್ದಲ್ಲೇ, ಸಾಲಾಗಿ ಹದಿಮೂರು.
ಪಕ್ಕದಲ್ಲಿ ಒಂದು ಕದಿರುಬಿಲ್ಲೆ.
ಹಾಸಿಲ್ಲ, ಹೊಕ್ಕಿಲ್ಲ;
ಬಟ್ಟೆಯ ಅಗಲವೊಂದೇ
ದ್ರಾವಾ ದಂಡೆಯ ಬೂದಿಯಲ್ಲಿ ಮಲಗಿದೆ.

ಬುತ್ತಿ ತಂದ ಎಟೆಲ್ಕಾ
ಅಗೆತದ ಅಂಚಿಗೆ ಕುಕ್ಕರುಗಾಲಲ್ಲಿ ಕೂತಳು,
ಸೆಣಬು ನೂತ ತಾಯಿಯ ಮಗಳು.
"ಏಳನೆಯದು ಮಣ್ಣಲ್ಲವಲ್ಲ, ಹೊಳೆಗಲ್ಲು.
ಗುಂಡು ಒಡೆದಿರಬೇಕು,
ಹೊಸದು ಒಣಗೋತನಕ ಕಾಯೋಕಾಗಿಲ್ಲ.
ಚಳಿ ಬಂತು, ಮಗುವಿನ ಅಂಗಿ ಮೊಣಕೈಗೆ ಏರಿತ್ತು."

ನಾನು ಬರೆದದ್ದು:
ಏಳು. ಕಲ್ಲು. ಇನ್ನೂರ ಹತ್ತು ಗ್ರಾಂ. ತೂತಿಲ್ಲ.
ಚಳಿಯನ್ನು ಬರೆಯಲು ಕಾಲಂ ಇರಲಿಲ್ಲ.

ಸಂಜೆ ಗಾಳಿಯೆದ್ದಿತು.
ಟಾರ್ಪಾಲು ಎಳೆದು ಹೊದಿಸಿದರೆ
ಒಂದು ಅಂಚು ಪಟಪಟ, ನಿಲ್ಲದು.
ಎಟೆಲ್ಕಾ ನನ್ನ ಮುಖ ನೋಡಿದಳು.
ಹೊಳೆಗಿಳಿದೆ,
ಕತ್ತಲಾಗುವ ಮೊದಲು
ಅಂಗೈತುಂಬುವ ಒಂದು ಕಲ್ಲು ಹುಡುಕಲು.