ಎರಡೂವರೆ ಸೆಕೆಂಡು

ಟಿಬಿಲಿಸಿಯ ಹಳೇ ಕೇರಿ, ಸುರುಳಿ ಮೆಟ್ಟಿಲಿನ ಒಂದು ಅಂಗಳ.
ಬೆಳಿಗ್ಗೆ ಏಳಕ್ಕೇ ಯಾರದೋ ಒದ್ದೆ ಹೊದಿಕೆ ತಂತಿಯ ಮೇಲೆ,
ಪಕ್ಕದ ಬೇಕರಿಯ ಬಾವಿಯಂಥ ಒಲೆಯಿಂದ
ದೋಣಿಯಾಕಾರದ ರೊಟ್ಟಿಯ ವಾಸನೆ.
ನಾನು ಸ್ಟ್ಯಾಂಡಿಗೆ ರಿಗ್ ತೂಗುಹಾಕಿ
ಬಿದ್ದ ಸ್ಕ್ರೂ ಹುಡುಕುತ್ತಿದ್ದೇನೆ, ಬಾಯಲ್ಲಿ ಅಲೆನ್ ಕೀ.

ನಿನ್ನೆ ಮಧ್ಯಾಹ್ನ ಹದಿಮೂರನೆಯ ಮೆಟ್ಟಿಲಲ್ಲಿ
ಮಾನಿಟರ್ ಕಪ್ಪಾಯಿತು.
ಬಿಸಿಲಿಗೋ, ಕೇಬಲ್ಲಿಗೋ, ಯಾರಿಗೆ ಗೊತ್ತು.
ಮದುಮಗಳು ಓಡುತ್ತಲೇ ಇದ್ದಳು, ಹಿಂದೆಯೇ ನಾನು,
ಕಣ್ಣು ಕಟ್ಟಿಕೊಂಡು ತುಂಬಿದ ಕೊಡ ಹೊತ್ತ ಹಾಗೆ.
ಆಮೇಲೆ ನೋಡಿದರೆ
ಅವಳ ಒಂದು ಕಿವಿ, ಗೋಡೆಯ ಗಾರೆ,
ಮತ್ತೆ ಗಾರೆ.
ನಿರ್ದೇಶಕಿ ಬೈಯಲಿಲ್ಲ. ಅದೇ ಕಷ್ಟ.

ರಾತ್ರಿ ಜುಂಬೇರನ ಮನೆಗೆ ಹೋದೆ,
ಈ ಕಸುಬಿಗೆ ಎರಡೂ ಮೊಣಕಾಲು ತೆತ್ತು ಕೂತವನು.
ಮಂಚದಡಿಯಿಂದ, ಉಣ್ಣೆಯ ಶಾಲಿನಲ್ಲಿ ಸುತ್ತಿಟ್ಟ
ಹಸಿರು ಪರದೆ ತೆಗೆದ.
ಗಾಜಿನ ಕೊಳವೆಯ ಕಾಲದ್ದು, ಎಂಟುನೂರ ನಲವತ್ತು ಗ್ರಾಂ.
"ಇದಕ್ಕೆ ಬಣ್ಣ ಗೊತ್ತಿಲ್ಲ" ಅಂದ.
"ಬಿಸಿಲಿಗೆ ಹೆದರುವುದೂ ಗೊತ್ತಿಲ್ಲ.
ಒರೆಸಬೇಡ ಮತ್ತೆ,
ಗಾಜಿನ ಮೇಲಿರುವುದು ನನ್ನ ಬೆರಳು."

ಈಗ ಎಲ್ಲಿ ಕಟ್ಟಲಿ ಇದನ್ನು?
ಕೆಳಗಿನ ದಂಡದಲ್ಲಿ ಮುಂದೆ ಮಾನಿಟರ್, ಹಿಂದೆ ಬ್ಯಾಟರಿ, ನಡುವೆ ಕಂಬ.
ನೆಂಟರೊಬ್ಬರು ಬಂದರೆ ಇಲ್ಲಿ
ಮನೆಮಂದಿಯೆಲ್ಲ ಜರುಗಿ ಕೂರಬೇಕು.
ಹೊಸ ಸಿಗ್ನಲ್ಲು ಹಳೇ ಗಾಜಿಗೆ ತಿಳಿಯಲು
ನಡುವೆ ದುಭಾಷಿಯಂತೆ ಒಂದು ಡಬ್ಬಿ, ಅದರದ್ದೊಂದು ತೂಕ.
ಮುಂದೆ ಸಿಕ್ಕಿಸಿದೆ: ಕ್ಯಾಮೆರಾ ಮೂಗು ಕೆಳಗೆ ಹಾಕಿತು.
ಬ್ಯಾಟರಿಯನ್ನು ಹಿಂದೆ ತಳ್ಳಿದೆ,
ಎತ್ತಿಗೆ ಜ್ವರ, ಎಮ್ಮೆಗೆ ಬರೆ.
ನಿಂತಾಗ ನೆಟ್ಟಗಿದ್ದದ್ದು, ತಿರುಗಿಸಿದರೆ
ಮದುವೆ ಮನೆಯಿಂದ ಕಡೆಗೆ ಹೊರಟವನ ಹಾಗೆ ಓಲಾಡಿತು.

ಸಹಾಯಕಿ ದಾರೋ, ಇಪ್ಪತ್ತೆರಡರವಳು, ಗೋಡೆಗೊರಗಿ ನಿಂತು
"ಕಳಚಿಬಿಡಿ. ನಾನೇ ಛತ್ರಿ ಹಿಡಿದು ಓಡ್ತೀನಿ" ಅಂದಳು.
ಉತ್ತರ ಕೊಡಲಿಲ್ಲ ನಾನು.
ಅವಳು ಹೋದಳು, ಬೇಕರಿಯಿಂದ ಬಂದಳು,
ಅಂಗೈಯಲ್ಲಿ ಇನ್ನೂರು ಗ್ರಾಮಿನ ಹಿತ್ತಾಳೆಯ ತೂಕದ ಕಲ್ಲು, ಹಿಟ್ಟು ಮೆತ್ತಿದ್ದು.
ರೊಟ್ಟಿಯವನು ಇವತ್ತು ಕಣ್ಣಳತೆಯಲ್ಲೇ ಉಂಡೆ ಕಟ್ಟುತ್ತಾನಂತೆ.
ಬ್ಯಾಟರಿಯ ಬೆನ್ನಿಗೆ ಅದನ್ನು ಟೇಪು ಸುತ್ತಿ ಕೂರಿಸಿದೆವು.

ಇನ್ನು ಬೀಳುವ ಲೆಕ್ಕ.
ರಿಗ್ಗನ್ನು ಅಡ್ಡ ಮಲಗಿಸಿ, ಕೈ ಬಿಟ್ಟು,
ತಾನಾಗಿ ನೆಟ್ಟಗಾಗುವವರೆಗೆ ಎಣಿಸುವುದು.
ಒಂದೂವರೆ. ತೀರ ಅವಸರ.
ಗಿಂಬಲ್ಲನ್ನು ಕೂದಲೆಳೆಯಷ್ಟು ಇಳಿಸಿದೆ. ಎರಡು.
ಇನ್ನೊಂದು ಎಳೆ.
ದಾರೋ ಉಸಿರು ಹಿಡಿದು ಎಣಿಸಿದಳು,
ತಂತಿಯ ಮೇಲಿನ ಹೊದಿಕೆಯಿಂದ ಒಂದು ಹನಿ ಬಿತ್ತು,
ಎರಡೂವರೆ.
ಬೀಳುವುದಕ್ಕೂ ಒಂದು ಹದ ಇದೆ ಎಂದು ನನಗೆ
ಜುಂಬೇರ್ ಹೇಳಿಕೊಟ್ಟಾಗ ಅವನ ಕಾಲು ಚೆನ್ನಾಗಿದ್ದವು.

ಮಧ್ಯಾಹ್ನ. ಹದಿಮೂರನೆಯ ಮೆಟ್ಟಿಲು.
ಹೊಸ ಮಾನಿಟರ್ ಕಪ್ಪಾಗಲಿಲ್ಲ.
ಜಾಣ ಮಗುವಿನಂತೆ ಕೊನೆಯವರೆಗೂ ಎಲ್ಲ ಬಣ್ಣ ತೋರಿಸಿತು.
ಆದರೂ ನಾನು ನೋಡಿದ್ದು ಹಸಿರನ್ನೇ.
ಅದರಲ್ಲಿ ಮದುಮಗಳು ಒಂದು ಎವೆಯಷ್ಟು ತಡವಾಗಿ ಬರುತ್ತಿದ್ದಳು,
ತುಟಿ ಕಪ್ಪು, ಮುಸುಕು ಪಾಚಿ,
ಹಣೆಯ ಮೇಲೆ, ಅವಳು ತಿರುಗಿದಾಗಲೆಲ್ಲ,
ಬೆರಳಿನ ಸುಳಿ.
ಹತ್ತೊಂಬತ್ತನೆಯ ಮೆಟ್ಟಿಲಲ್ಲಿ ನನ್ನ ಬಲ ಮೊಣಕಾಲು
ಏನೋ ಅಂದಿತು. ಕೇಳಿಸಿಕೊಳ್ಳಲಿಲ್ಲ.

ಸಂಜೆ ಶಾಲು ಸುತ್ತಿ ವಾಪಸು ಕೊಟ್ಟೆ.
"ಬೇಕಾಯಿತಾ?"
"ಇಲ್ಲ. ಅದು ಕೆಡಲಿಲ್ಲ."
ಜುಂಬೇರ್ ಒಂದು ಲೋಟ ವೈನು ಬಗ್ಗಿಸಿದ, ನನಗೆ ಮಾತ್ರ,
ಪರದೆಯನ್ನು ಬೆಳಕಿಗೆ ಹಿಡಿದು ಗಾಜನ್ನು ಬಹಳ ಹೊತ್ತು ನೋಡಿದ.

ಬರುವಾಗ ಬೇಕರಿ ಮುಚ್ಚಿತ್ತು.
ಕೋಟಿನ ಎಡಜೇಬಿನಲ್ಲಿ ತೂಕದ ಕಲ್ಲು.
ಬೀದಿಯುದ್ದಕ್ಕೂ
ಒಂದು ಕಡೆ ವಾಲಿಕೊಂಡೇ ನಡೆದೆ.